ಬಾಡಿಗೆ ಕಾರಿನವರ "ಫುಲ್ ಪ್ರೊಟೆಕ್ಷನ್" ನಂಬಬೇಡಿ, ದುಡ್ಡೂ ಹೋಯ್ತು, ಮರ್ಯಾದೆಯೂ ಹೋಯ್ತು

ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ತಗೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೋಪದಲ್ಲೇ ಬರೆಯುತ್ತಿದ್ದೇನೆ, ಹೇಳಿದ್ದನ್ನೇ ಮತ್ತೆ ಹೇಳಿದರೆ ಸಹಿಸಿಕೊಳ್ಳಿ.

ದುಡ್ಡು ಉಳಿಸೋಣ ಅಂತಲೇ ಹೊರಟಿದ್ದು. ಆನ್‌ಲೈನಿನಲ್ಲಿ ನಾಲ್ಕಾರು ಕಡೆ ರೇಟು ಹೋಲಿಸಿ, ಇದ್ದುದರಲ್ಲಿ ಕಡಿಮೆಯದನ್ನು ಬುಕ್ ಮಾಡಿದೆ. ಎಲ್ಲರೂ ಮಾಡುವುದು ಅದನ್ನೇ ಅಲ್ವಾ? ಏರ್‌ಪೋರ್ಟ್ ಕೌಂಟರ್ ಆದರೆ ಮೇಲೊಂದು ಚಾರ್ಜು ಸೇರುತ್ತೆ ಅಂತ ಊರೊಳಗಿನ ಆಫೀಸು ಆರಿಸಿಕೊಂಡೆ. ಇನ್ನೊಬ್ಬ ಡ್ರೈವರ್ ಹೆಸರು ಸೇರಿಸಿದರೆ ದಿನಕ್ಕಿಷ್ಟು ಅಂತ ಬೀಳುತ್ತೆ, ಹಾಗಾಗಿ ನಾನೊಬ್ಬನೇ ಓಡಿಸೋದು ಅಂತ ತೀರ್ಮಾನ. ಜಿಪಿಎಸ್ ಬೇಡ, ಫೋನಿದೆ. ಮಗುವಿನ ಸೀಟು ಮನೆಯದ್ದೇ. ಎಷ್ಟು ಉಳಿಸಿದೆ ಅಂತ ನೆಂಟರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದೆ. ಈಗ ಅದೇ ನೆಂಟರು ಕಾರಿನ ಸುದ್ದಿ ಎತ್ತಿದರೆ ಮಾತು ಬದಲಾಯಿಸುತ್ತೇನೆ.

ಕೌಂಟರಿನಲ್ಲಿ ಕ್ರೆಡಿಟ್ ಕಾರ್ಡು ಕೇಳಿದರು. ಅದು ಗೊತ್ತಿರುವುದೇ. ಓಡಿಸುವವರ ಹೆಸರಿನ ಕಾರ್ಡಿನಲ್ಲಿ ಡೆಪಾಸಿಟ್ ಬ್ಲಾಕ್ ಮಾಡುತ್ತಾರೆ, ಗಾಡಿ ವಾಪಸ್ ಕೊಟ್ಟ ಮೇಲೆ ಬಿಡುತ್ತಾರೆ. ಆದರೆ ಆ ಹುಡುಗ ಹೇಳಿದ ಮೊತ್ತ ಕೇಳಿ ಎದೆ ಧಸಕ್ಕೆಂದಿತು. ಬಾಡಿಗೆಗಿಂತ ಎಷ್ಟೋ ಪಟ್ಟು ಜಾಸ್ತಿ.

"ಗಾಡಿಗೆ ಏನಾದ್ರೂ ಆದ್ರೆ ಇಷ್ಟರವರೆಗೆ ನೀವೇ ಕಟ್ಟಬೇಕು ಸರ್. ನಮ್ಮ ಫುಲ್ ಪ್ರೊಟೆಕ್ಷನ್ ತಗೊಂಡ್ರೆ ಇದು ಸೊನ್ನೆ."

ಬಾಡಿಗೆಯಲ್ಲೇ ಇನ್ಶೂರೆನ್ಸ್ ಸೇರಿದೆ ಅಂತ ಬುಕಿಂಗ್‌ನಲ್ಲಿ ಇತ್ತಲ್ಲ ಅಂದೆ. "ಅದು ಬೇಸಿಕ್ ಸರ್."

"ಇದರಲ್ಲಿ ಎಲ್ಲಾ ಕವರ್ ಆಗುತ್ತಾ?" ನಾನು ಬಾಯಿಬಿಟ್ಟು ಕೇಳಿದೆ. ಕೇಳಿಲ್ಲ ಅಂತ ಯಾರೂ ಹೇಳಬೇಡಿ.

"ಎಲ್ಲಾ ಸರ್. ಆರಾಮಾಗಿ ಹೋಗ್ಬನ್ನಿ."

ಅಂಗೈ ಅಗಲದ ಸ್ಕ್ರೀನ್ ಒಂದನ್ನು ಮುಂದಿಟ್ಟ. ಅದರಲ್ಲಿ ಕಾಣುತ್ತಿದ್ದದ್ದು ಸಹಿ ಹಾಕುವ ಗೆರೆ ಮಾತ್ರ. ಷರತ್ತು ಗಿರತ್ತು ಏನೂ ಇಲ್ಲ. ಹಿಂದೆ ಕ್ಯೂ, ಹೊರಗೆ ಲಗೇಜಿನ ಜೊತೆ ಮನೆಯವರು. ಬೆರಳಲ್ಲಿ ಗೀಚಿ ಕೊಟ್ಟೆ. ದಿನದ ಬಾಡಿಗೆಯ ಹತ್ತಿರ ಹತ್ತಿರ ಅಷ್ಟೇ ದುಡ್ಡು ಈ ಪ್ರೊಟೆಕ್ಷನ್ನಿಗೂ ಆಯಿತು. ಉಳಿಸಿದ್ದೆಲ್ಲ ಅಲ್ಲೇ ಮುಗಿಯಿತು.

ಪ್ರಯಾಣದಲ್ಲಿ ಏನೂ ಆಗಲಿಲ್ಲ. ಎಲ್ಲೂ ತಾಗಿಸಿಲ್ಲ, ಗುಂಡಿಗೆ ಇಳಿಸಿಲ್ಲ. ಟ್ಯಾಂಕ್ ಫುಲ್ ಮಾಡಿಸಿ, ಬಂಕಿನ ರಸೀದಿ ಇಟ್ಟುಕೊಂಡು, ಹೇಳಿದ ಹೊತ್ತಿಗೇ ವಾಪಸ್ ಕೊಟ್ಟೆ. ತಡವಾದರೆ ಇನ್ನೊಂದು ಇಡೀ ದಿನದ ಬಾಡಿಗೆ ಹಾಕುತ್ತಾರೆ, ಗೊತ್ತಲ್ಲ. ಇನ್ನೊಬ್ಬ ಹುಡುಗ ಬಂದು ಗಾಡಿಗೆ ಒಂದು ಸುತ್ತು ಹಾಕಿದ, ಬಂಪರ್ ಮೇಲೆ ಕೈಯಾಡಿಸಿದ, "ಓಕೆ ಸರ್" ಅಂದ. ಹಾಗಂತ ಬರೆದು ಕೊಡಿ ಅಂದೆ. "ಈಮೇಲ್ ಬರುತ್ತೆ ಸರ್."

ಬಂತು. ಬಿಲ್ಲೇ ಬಂತು.

ಎಡಗಡೆ ಹಿಂದಿನ ಚಕ್ರದ ರಿಮ್ಮಿಗೆ ಗೀರು ಬಿದ್ದಿದೆಯಂತೆ. ರಿಮ್ಮಿನ ದುಡ್ಡು, ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆ, ಅದರ ಮೇಲೆ ಫೈಲ್ ತೆರೆದ ಖರ್ಚು. ಇಷ್ಟನ್ನೂ ಕಾರ್ಡಿನಿಂದ ಆಗಲೇ ಎಳೆದುಕೊಂಡಿದ್ದರು. ಒಂದು ಮಾತು ಕೇಳಲಿಲ್ಲ, ಹೇಳಲಿಲ್ಲ.

ಫೋಟೋ ನೋಡಬೇಕಿತ್ತು ನೀವು. ತೀರಾ ಹತ್ತಿರದಿಂದ ತೆಗೆದದ್ದು. ಬೆರಳಿನ ಒಂದು ಗೆಣ್ಣಿನಷ್ಟು ಗೀರು, ಪಕ್ಕದಲ್ಲಿ ಯಾರದೋ ಹೆಬ್ಬೆರಳು. ನಂಬರ್ ಪ್ಲೇಟ್ ಇಲ್ಲ, ತಾರೀಕಿಲ್ಲ. ಗೀರಿನೊಳಗೆ ಬ್ರೇಕಿನ ಕಪ್ಪು ಧೂಳು ಕೂತು ಗಟ್ಟಿಯಾಗಿದೆ. ಹೊಸ ಗೀರಾದರೆ ಒಳಗಿನ ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುತ್ತೆ. ಇದು ಯಾವ ಕಾಲದ್ದೋ! ಇನ್ನೂ ಎಷ್ಟು ಜನರ ಹತ್ತಿರ ಇದೇ ಗೀರು ತೋರಿಸಿ ವಸೂಲಿ ಮಾಡಿದ್ದಾರೋ.

ಫೋನ್ ಮಾಡಿದೆ. ಫುಲ್ ಪ್ರೊಟೆಕ್ಷನ್ ತಗೊಂಡಿದ್ದೀನಲ್ಲಮ್ಮಾ ಅಂದೆ.

"ಅದರಲ್ಲಿ ಟೈರು, ರಿಮ್ಮು, ಗಾಜು, ಗಾಡಿಯ ತಳ, ಟಾಪು ಬರಲ್ಲ ಸರ್."

"ಹಾಗಾದ್ರೆ ಫುಲ್ ಅಂತ ಯಾಕೆ ಅಂದ್ರಿ?"

"ಅದು ಪ್ಯಾಕೇಜಿನ ಹೆಸರು ಸರ್."

ಆ ಕ್ಷಣಕ್ಕೆ ನನ್ನ ಬಾಯೇ ಕಟ್ಟಿಹೋಯಿತು. ಪ್ಯಾಕೇಜಿನ ಹೆಸರಂತೆ! ಎಷ್ಟು ತಣ್ಣಗೆ ಹೇಳಿದರು ಅಂದರೆ, ದಿನಕ್ಕೆ ಹತ್ತು ಜನರಿಗೆ ಹೇಳಿ ಅಭ್ಯಾಸ ಆಗಿರಬೇಕು. ನಿಮ್ಮ ಕೌಂಟರಿನ ಹುಡುಗನೇ "ಎಲ್ಲಾ" ಅಂದಿದ್ದ ಅಂದೆ. "ಬಾಯಿಮಾತು ಲೆಕ್ಕಕ್ಕಿಲ್ಲ ಸರ್, ನೀವು ಸಹಿ ಹಾಕಿದ್ದೀರಲ್ಲ." ಗ್ಯಾರೇಜಿನ ಬಿಲ್ ಕೊಡಿ ಅಂದೆ. "ಬಿಲ್ ಇರಲ್ಲ ಸರ್, ನಮ್ಮ ರೇಟ್ ಚಾರ್ಟ್ ಪ್ರಕಾರ ಹಾಕ್ತೀವಿ." ಅಂದರೆ ರಿಪೇರಿಯೇ ಮಾಡಿಸಿಲ್ಲ! ಮಾಡಿಸದ ರಿಪೇರಿಗೆ ಗಾಡಿ ನಿಂತ ಬಾಡಿಗೆ ಬೇರೆ.

ಇದು ನನ್ನೊಬ್ಬನ ಗೋಳಲ್ಲ. ಯೂರೋಪಿನಲ್ಲಿ ಇಂಥವೇ ದೂರುಗಳು ಹೆಚ್ಚಾಗಿ, 2015ರಲ್ಲಿ ಅಲ್ಲಿನ ಅಧಿಕಾರಿಗಳು ಐದು ದೊಡ್ಡ ಬಾಡಿಗೆ ಕಂಪನಿಗಳಿಂದ ಮಾತು ತಗೊಂಡರು. ಡ್ಯಾಮೇಜ್ ದುಡ್ಡು ಎಳೆದುಕೊಳ್ಳುವ ಮೊದಲು ಗ್ರಾಹಕನಿಗೆ ತಕರಾರು ಹೇಳಲು ಅವಕಾಶ ಕೊಡಬೇಕು ಅನ್ನುವುದೂ ಅದರಲ್ಲಿ ಒಂದು. ನಾನು ಅದನ್ನೂ ಬರೆದು ಕಳಿಸಿದೆ. "ಆ ಕಂಪನಿಗಳಲ್ಲಿ ನಾವು ಬರುವುದಿಲ್ಲ" ಅಂತ ಉತ್ತರ. ಕೆಳಗೆ "ಮುಂದಿನ ಪ್ರಯಾಣಕ್ಕೆ ವಿಶೇಷ ರಿಯಾಯಿತಿ" ಅಂತ ಒಂದು ಕೂಪನ್. ನಾಚಿಕೆ ಅನ್ನೋದು ಬೇಡವಾ?

ನೀವಾದರೂ ಹುಷಾರಾಗಿರಿ. ಕೀ ಕೈಗೆ ಬಂದ ತಕ್ಷಣ, ಗಾಡಿ ಕದಲಿಸುವ ಮೊದಲೇ, ಸುತ್ತಲೂ ವಿಡಿಯೋ ಮಾಡಿ. ನಾಲ್ಕು ಚಕ್ರಗಳ ಮುಂದೆ ಕೂತು, ನಂಬರ್ ಪ್ಲೇಟ್ ಸಮೇತ ತೆಗೆಯಿರಿ. ಬಾಗಿಲು, ಬಂಪರ್ ಯಾರಾದರೂ ತೆಗೆಯುತ್ತಾರೆ, ನಾನೂ ತೆಗೆದಿದ್ದೆ. ಅವರು ಹಿಡಿಯೋದು ಚಕ್ರವನ್ನೇ. ಮೀಟರಿನ ಕಿಲೋಮೀಟರ್, ಪೆಟ್ರೋಲ್ ಮುಳ್ಳು ಕೂಡ ಇರಲಿ. ಪೆಟ್ರೋಲಿಗೆ ಮೊದಲೇ ದುಡ್ಡು ಕಟ್ಟಿ, ಖಾಲಿ ತಂದುಕೊಡಿ ಅಂದರೆ ಒಪ್ಪಬೇಡಿ. ಟ್ಯಾಂಕಿನಲ್ಲಿ ಉಳಿದದ್ದು ಸಾಮಾನ್ಯವಾಗಿ ಅವರ ಪಾಲು.

ಕೌಂಟರಿನಲ್ಲಿ ಮಾರುವ ಪ್ರೊಟೆಕ್ಷನ್ನಿಗಿಂತ ಹೊರಗಿನ ಇನ್ಶೂರೆನ್ಸ್ ಕಂಪನಿಯ ಪಾಲಿಸಿ ಸಾಮಾನ್ಯವಾಗಿ ಅಗ್ಗ, ಎಷ್ಟೋ ಪಾಲಿಸಿಗಳಲ್ಲಿ ಟೈರು ಗಾಜೂ ಸೇರಿರುತ್ತೆ. ಆದರೆ ಡೆಪಾಸಿಟ್ ಬ್ಲಾಕ್ ಆಗೋದು ತಪ್ಪೋದಿಲ್ಲ, ಮೊದಲು ನೀವೇ ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು. ಆಫೀಸು ಮುಚ್ಚಿದ ಮೇಲೆ ಕೀಯನ್ನು ಡಬ್ಬಿಗೆ ಹಾಕಿ ಹೋಗುವ ಕೆಲಸವಂತೂ ಬೇಡವೇ ಬೇಡ. ಬೆಳಗ್ಗೆ ಅವರು ಬಾಗಿಲು ತೆಗೆದು ನೋಡುವವರೆಗೆ ಗಾಡಿಗೆ ಏನೇ ಆದರೂ ನಿಮ್ಮ ತಲೆಗೇ ಕಟ್ಟುತ್ತಾರೆ.

ದುಡ್ಡು ಎಳೆದುಕೊಂಡರೆ ತಡಮಾಡದೆ ಕಾರ್ಡಿನ ಬ್ಯಾಂಕಿಗೆ ತಕರಾರು ಕೊಡಿ, ಅದಕ್ಕೆ ಗಡುವು ಇರುತ್ತೆ. ನಾನು ಕೊಟ್ಟಿದ್ದೇನೆ, ಇನ್ನೂ ತೀರ್ಮಾನ ಆಗಿಲ್ಲ. ಮತ್ತೆ ಅವರ ಜೊತೆ ಫೋನಿನಲ್ಲಿ ಮಾತಾಡಲೇಬೇಡಿ, ಎಲ್ಲಾ ಮೇಲ್‌ನಲ್ಲೇ ಇರಲಿ. "ಅದು ಪ್ಯಾಕೇಜಿನ ಹೆಸರು" ಅಂತ ಅಂದರಲ್ಲ, ಅದನ್ನೇ ಒಂದು ಸಾಲು ಬರೆದು ಕಳಿಸಿ ಅಂತ ಕೇಳುತ್ತಲೇ ಇದ್ದೇನೆ. ಇವತ್ತಿನವರೆಗೂ ಕಳಿಸಿಲ್ಲ.