ಅಲ್ಯೂಮಿನಿಯಂ ಮೈ, ಸೆರಾಮಿಕ್ ಲೇಪನ: ಹಲವು ವರ್ಷಗಳ ಬಳಕೆಯ ನಂತರ

ನಾನು ಹಲವು ವರ್ಷಗಳಿಂದ ಓಡಿಸುತ್ತಿರುವ ಕಾರಿನ ಬಾನೆಟ್, ನಾಲ್ಕು ಬಾಗಿಲುಗಳು ಮತ್ತು ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಂನವು. ಒಳಚೌಕಟ್ಟು ಮತ್ತು ಚಕ್ರದ ಮೇಲಿನ ಫೆಂಡರುಗಳು ಉಕ್ಕಿನವು. ಹೆಡ್‌ಲೈಟ್‌ಗಳ ಮುಖಕ್ಕೆ ಗಾಜಿನ ಬದಲು ಪಾಲಿಕಾರ್ಬನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಇದೆ. ಕಾರು ಹೊಸದಿರುವಾಗಲೇ ಕಾರ್ಖಾನೆಯ ಬಣ್ಣದ ಮೇಲೆ ಸೆರಾಮಿಕ್ ಲೇಪನವನ್ನೂ ಮಾಡಿಸಿದ್ದೆ. ಇಷ್ಟು ಕಾಲ ಬಳಸಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ: ಹಗುರ ಲೋಹದ ಬಗ್ಗೆ ನನಗೆ ಪೂರ್ಣ ಸಮಾಧಾನವಿದೆ, ಹಣ ಕೊಟ್ಟು ಹಾಕಿಸಿದ ಲೇಪನದ ಬಗ್ಗೆ ಅರ್ಧ ಮಾತ್ರ, ಆದರೆ ಈ ಲೋಹ ಎಷ್ಟು ಬಾಳುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಮೇಲಿರುವ ತೆಳುವಾದ ಪದರಗಳೇ.

ಮೊದಲು ತೂಕದ ವಿಚಾರ. ಅಲ್ಯೂಮಿನಿಯಂನ ಸಾಂದ್ರತೆ ಉಕ್ಕಿನದರ ಸುಮಾರು ಮೂರನೇ ಒಂದು ಭಾಗ, ಆದರೆ ಅದರ ಬಿಗಿತವೂ ಅಷ್ಟೇ ಕಡಿಮೆ. ಆದ್ದರಿಂದ ಬಾಗದೆ ನಿಲ್ಲಬೇಕಾದ ಹಾಳೆಯನ್ನು ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ದಪ್ಪವಾಗಿ ಮಾಡಬೇಕಾಗುತ್ತದೆ, ಕೊನೆಗೆ ಉಳಿಯುವುದು ಸರಿಸುಮಾರು ಅರ್ಧದಷ್ಟು ತೂಕ. ನನ್ನ ಕಾರಿನ ಬಾನೆಟ್ ಒಂದೇ ಕೈಯಲ್ಲಿ ಸಲೀಸಾಗಿ ಮೇಲೇಳುತ್ತದೆ, ಬಾಗಿಲುಗಳ ಕೀಲುಗಳು ಇಂದಿಗೂ ಜೋತುಬಿದ್ದಿಲ್ಲ. ಮೈಲೇಜಿನಲ್ಲಿ ದೊಡ್ಡ ವ್ಯತ್ಯಾಸವನ್ನು ನಿರೀಕ್ಷಿಸಬಾರದು. ವಾಹನದ ತೂಕವನ್ನು ಶೇ. 10ರಷ್ಟು ಇಳಿಸಿದರೆ ಇಂಧನ ಬಳಕೆಯಲ್ಲಿ ಶೇ. 6ರಿಂದ 8ರಷ್ಟು ಲಾಭವಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಬಾಗಿಲು, ಬಾನೆಟ್‌ಗಳನ್ನು ಮಾತ್ರ ಬದಲಿಸಿದರೆ ಅಷ್ಟು ಇಳಿಕೆ ಸಿಗುವುದಿಲ್ಲ. 1994ರ ಆಡಿ ಎ8ರಂತೆ ಇಡೀ ಚೌಕಟ್ಟನ್ನೇ ಅಲ್ಯೂಮಿನಿಯಂನಲ್ಲಿ ಕಟ್ಟಿದಾಗ, ಅಥವಾ 2015ರ ಮಾದರಿಯ ಫೋರ್ಡ್ ಎಫ್-150ರಂತೆ ದೊಡ್ಡ ಟ್ರಕ್ಕಿನ ಮೈಯನ್ನು ಪೂರ್ತಿಯಾಗಿ ಬದಲಿಸಿ 300 ಕಿಲೋಗ್ರಾಂಗೂ ಹೆಚ್ಚು ಭಾರ ಇಳಿಸಿದಾಗ ಮಾತ್ರ ಅದು ಎದ್ದು ಕಾಣುತ್ತದೆ.

ಕಾರ್ಖಾನೆಯ ಬಣ್ಣದ ಬಗ್ಗೆ ನನಗೆ ವರ್ಷದಿಂದ ವರ್ಷಕ್ಕೆ ಗೌರವ ಹೆಚ್ಚಿದೆ. ಲೋಹದ ಮೈಯನ್ನು ಮೊದಲು ರಾಸಾಯನಿಕವಾಗಿ ಹದಗೊಳಿಸಿ, ವಿದ್ಯುತ್ ಹರಿಯುವ ತೊಟ್ಟಿಯಲ್ಲಿ ಮುಳುಗಿಸಿ ಸುಮಾರು 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ತುಕ್ಕುನಿರೋಧಕ ಪದರವನ್ನು ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್, ಬಣ್ಣ, ಕೊನೆಗೆ 40–50 ಮೈಕ್ರಾನ್‌ನ ಪಾರದರ್ಶಕ ಕ್ಲಿಯರ್ ಕೋಟ್ ಬರುತ್ತವೆ. ಎಲ್ಲ ಸೇರಿದರೂ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ದಪ್ಪವಾದರೆ ಹೆಚ್ಚು. ನನಗೆ ಬಹಳ ಮೆಚ್ಚುಗೆಯಾದ ಸಂಗತಿಯೆಂದರೆ, ಈ ಪದರಗಳನ್ನು ಒಣಗಿಸುವ ಒಲೆಯ ಶಾಖವೇ ಕೆಲವು ಬಗೆಯ ಅಲ್ಯೂಮಿನಿಯಂ ಮಿಶ್ರಲೋಹಗಳನ್ನು ಗಟ್ಟಿ ಮಾಡುತ್ತದೆ. ಅಚ್ಚಿನಲ್ಲಿ ಒತ್ತುವಾಗ ಮೃದುವಾಗಿ ಬಾಗುವ ಹಾಳೆ, ಬಣ್ಣದ ಒಲೆಯಿಂದ ಹೊರಬರುವಾಗ ಹೆಚ್ಚಿನ ಬಲ ಪಡೆದಿರುತ್ತದೆ. ಬಣ್ಣ ಹಚ್ಚುವ ವಿಭಾಗವು ಅಂದಕ್ಕಾಗಿ ಮಾತ್ರ ಇದೆ ಎಂದು ತಿಳಿಯುವವರು ಇದನ್ನು ಗಮನಿಸಬೇಕು.

ಸೆರಾಮಿಕ್ ಲೇಪನಕ್ಕೆ ಬರೋಣ. ಸಿಲಿಕಾ ಆಧಾರಿತವಾದ ಈ ದ್ರವವು ಒಣಗಿದ ಮೇಲೆ ಉಳಿಸುವ ಪದರ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಮಾತ್ರ. ಜಾಹೀರಾತುಗಳಲ್ಲಿ ಕಾಣುವ 9ಎಚ್ ಎಂಬುದು ಪೆನ್ಸಿಲ್ ಗೀರಿನ ಪರೀಕ್ಷೆಯ ಅಳತೆಯೇ ಹೊರತು ವಜ್ರ, ಸ್ಫಟಿಕಗಳನ್ನು ಅಳೆಯುವ ಗಡಸುತನದ ಮಾಪನವಲ್ಲ. ಲೇಪನ ಹೊಸದಿದ್ದಾಗ ನೀರು ದುಂಡನೆಯ ಹನಿಗಳಾಗಿ ಉರುಳಿ ಹೋಗುತ್ತಿತ್ತು, ಧೂಳು ಅಂಟುತ್ತಿರಲಿಲ್ಲ, ತೊಳೆಯುವ ಶ್ರಮ ನಿಜವಾಗಿಯೂ ಅರ್ಧಕ್ಕೆ ಇಳಿಯಿತು. ಹಕ್ಕಿಯ ಹಿಕ್ಕೆ ಬಿದ್ದರೆ ಒರೆಸಲು ಸ್ವಲ್ಪ ಹೆಚ್ಚು ಸಮಯ ಸಿಗುತ್ತಿತ್ತು. ಆದರೆ ಗಡಸು ನೀರಿನಲ್ಲಿ ತೊಳೆದು ಒರೆಸದೆ ಬಿಸಿಲಿನಲ್ಲಿ ಬಿಟ್ಟರೆ, ಅದೇ ದುಂಡು ಹನಿಗಳು ಆರಿ ಸುಣ್ಣದ ಉಂಗುರಗಳನ್ನು ಉಳಿಸುತ್ತವೆ, ಅವನ್ನು ತೆಗೆಯಲು ಪಾಲಿಶ್ ಮಾಡಿದರೆ ಲೇಪನವೂ ಜೊತೆಗೇ ಹೋಗುತ್ತದೆ. ಕಲ್ಲಿನ ಏಟಿನ ವಿರುದ್ಧವಂತೂ ಇದರಿಂದ ಏನೂ ಪ್ರಯೋಜನವಿಲ್ಲ.

ಲೇಪನಕ್ಕೆ ಮೊದಲು ಮೇಲ್ಮೈಯನ್ನು ಪಾಲಿಶ್ ಮಾಡುತ್ತಾರೆ, ಅದರಲ್ಲಿ ಕ್ಲಿಯರ್ ಕೋಟ್‌ನ ಕೆಲವು ಮೈಕ್ರಾನ್‌ಗಳು ಸವೆಯುತ್ತವೆ. ಹೀಗಾಗಿ ದಪ್ಪವನ್ನು ಮೊದಲೇ ಅಳೆಯಬೇಕು. ನನ್ನ ಕಾರಿಗೆ ತಂದ ಅಳತೆಯ ಯಂತ್ರ ಅಯಸ್ಕಾಂತೀಯ ತತ್ತ್ವದಲ್ಲಿ ಮಾತ್ರ ಕೆಲಸ ಮಾಡುವಂಥದ್ದು. ಫೆಂಡರಿನ ಮೇಲೆ ಅಂಕಿ ತೋರಿಸಿತು, ಬಾನೆಟ್ಟಿನ ಮೇಲೆ ಇಟ್ಟಾಗ ಏನೂ ತೋರಿಸಲಿಲ್ಲ. ಅಲ್ಯೂಮಿನಿಯಂ ಮೇಲಿನ ಬಣ್ಣವನ್ನು ಅಳೆಯಲು ಸುಳಿ ವಿದ್ಯುತ್ (ಲೋಹದೊಳಗೆ ಸುತ್ತುವಂತೆ ಮೂಡಿಸುವ ವಿದ್ಯುತ್ ಪ್ರವಾಹ) ಬಳಸುವ ಯಂತ್ರ ಬೇಕು, ಅದನ್ನು ತರಿಸಿ ಅಳೆದ ಮೇಲೆಯೇ ಪಾಲಿಶ್‌ಗೆ ಒಪ್ಪಿದೆ. ಇಂಥ ಕಾರು ಇರುವವರು ಈ ಒಂದು ವಿಷಯದಲ್ಲಿ ಪಟ್ಟು ಹಿಡಿಯಲೇಬೇಕು.

ನಿಜವಾದ ತೊಂದರೆ ಕಾಣಿಸಿಕೊಂಡಿದ್ದು ಬಣ್ಣ ಒಡೆದ ಕಡೆ. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಗಾಳಿ ತಾಕಿದೊಡನೆ ಮೂಡುವ ಆಕ್ಸೈಡ್ ಪದರ ಅದನ್ನು ಕಾಯುತ್ತದೆ. ಆದರೆ ಉಕ್ಕನ್ನು ತಾಗಿಕೊಂಡು ತೇವದಲ್ಲಿದ್ದರೆ ಕಥೆ ಬೇರೆ. ಆಗ ಎರಡು ಲೋಹಗಳೂ ಸೇರಿ ಒಂದು ಪುಟ್ಟ ವಿದ್ಯುತ್ ಕೋಶದಂತಾಗಿ ಅಲ್ಯೂಮಿನಿಯಂ ಸವೆಯುತ್ತದೆ. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ಕೀಲಿನ ಬೋಲ್ಟುಗಳಿಗೆ ವಿಶೇಷ ಲೇಪನ ಕೊಟ್ಟು, ಬೆಸೆಯುವ ಬದಲು ಅಂಟು ಮತ್ತು ರಿವೆಟ್ಟುಗಳನ್ನು ಹೆಚ್ಚಾಗಿ ಬಳಸುತ್ತಾರೆ; ಅಂಟಿನ ಪದರ ಲೋಹಗಳನ್ನು ಜೋಡಿಸುವುದರ ಜೊತೆಗೆ ಅವು ಪರಸ್ಪರ ತಾಗದಂತೆಯೂ ನೋಡಿಕೊಳ್ಳುತ್ತದೆ. ಒಂದು ಗ್ಯಾರೇಜಿನಲ್ಲಿ ಬಾನೆಟ್ಟನ್ನು ಬಿಚ್ಚಿ ಜೋಡಿಸುವಾಗ ಮೂಲ ಬೋಲ್ಟಿನ ಬದಲು ಸಾಮಾನ್ಯ ಉಕ್ಕಿನ ಬೋಲ್ಟು ಹಾಕಿದ್ದರು. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಅದರ ತಲೆಯ ಸುತ್ತ ಬಿಳಿ ಪುಡಿ ಕಾಣಿಸಿಕೊಂಡಿತು, ಅಲ್ಲಿಂದ ಬಣ್ಣದ ಅಡಿಯಲ್ಲಿ ದಾರದಂಥ ಸಣ್ಣ ಗೆರೆಗಳು ಹರಡಲು ಆರಂಭಿಸಿದವು. ಪಕ್ಕದ ಮೂಲ ಬೋಲ್ಟುಗಳ ಸುತ್ತ ಒಂದು ಚುಕ್ಕೆಯೂ ಇರಲಿಲ್ಲ. ಲೋಹದ ಗುಣ ಅದೇ, ತೇವವೂ ಅದೇ. ವ್ಯತ್ಯಾಸವಿದ್ದದ್ದು ಬೋಲ್ಟಿನ ಮೇಲಿನ ಲೇಪನದಲ್ಲಿ.

ಬಾಗಿಲಿಗೆ ಒಮ್ಮೆ ಡೊಂಕು ಬಿದ್ದಾಗ ದುರಸ್ತಿಯ ಕಷ್ಟವೂ ತಿಳಿಯಿತು. ಅಲ್ಯೂಮಿನಿಯಂ ತಟ್ಟಿದಷ್ಟೂ ಗಡುಸಾಗುತ್ತದೆ, ಉಕ್ಕಿನಂತೆ ಹಿಂದಿನ ಆಕಾರಕ್ಕೆ ಸುಲಭವಾಗಿ ಬರುವುದಿಲ್ಲ. ಕಾಯಿಸಿದಾಗ ಕೆಂಪಗಾಗದೆ ನೇರವಾಗಿ ಕರಗುವ ಹಂತ ತಲುಪುವುದರಿಂದ ಉಷ್ಣತೆಯನ್ನು ಅಳೆದೇ ಕೆಲಸ ಮಾಡಬೇಕು. ಉಕ್ಕಿನ ಪುಡಿ ಅಂಟಿದ ಸುತ್ತಿಗೆ, ಉಜ್ಜುವ ಬಿಲ್ಲೆಗಳನ್ನು ಬಳಸಿದರೆ ಬಣ್ಣದ ಅಡಿಯಲ್ಲಿ ಸವೆತದ ಬೀಜ ಬಿತ್ತಿದಂತೆಯೇ. ಪ್ರತ್ಯೇಕ ಉಪಕರಣಗಳಿರುವ ಕಡೆ ಹೆಚ್ಚು ದಿನ ಕಾದು ಮಾಡಿಸಿದ ಆ ಬಾಗಿಲು ಇಂದಿಗೂ ನಿಷ್ಕಳಂಕವಾಗಿದೆ.

ಅತ್ಯಂತ ನಿರಾಸೆ ತಂದದ್ದು ಹೆಡ್‌ಲೈಟ್. ಪಾಲಿಕಾರ್ಬನೇಟ್ ಗಾಜಿನ ಅರ್ಧದಷ್ಟೇ ಭಾರ, ಏಟಿಗೆ ಸುಲಭವಾಗಿ ಒಡೆಯುವುದಿಲ್ಲ. ಆದರೆ ಬಿಸಿಲಿನ ಅತಿನೇರಳೆ ಕಿರಣಗಳಿಗೆ ಹಳದಿಯಾಗುತ್ತದೆ, ಬೇಗ ಗೀರು ಬೀಳುತ್ತದೆ. ಅದನ್ನು ಕಾಯುವುದು ಮೇಲಿನ ಗಡಸು ಲೇಪನ ಮಾತ್ರ. ನನ್ನ ಕಾರಿನಲ್ಲಿ ಅದು ಮೇಲಂಚಿನಿಂದ ಮಸುಕಾಗುತ್ತ ಬಂದು, ರಾತ್ರಿಯ ಬೆಳಕು ಸ್ಪಷ್ಟವಾಗಿ ಕುಗ್ಗಿತು. ಉಜ್ಜಿಸಿದಾಗ ಹೊಳಪು ಮರಳಿತು, ಆದರೆ ಉಳಿದಿದ್ದ ಲೇಪನವೂ ಹೋದದ್ದರಿಂದ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ ಬಂತು. ಉಜ್ಜಿದ ಮೇಲೆ ಅತಿನೇರಳೆ ಕಿರಣ ತಡೆಯುವ ಹೊಸ ಪದರ ಹಾಕದಿದ್ದರೆ ಆ ಖರ್ಚು ವ್ಯರ್ಥ. ಸುರಕ್ಷತೆಗೆ ಸಂಬಂಧಿಸಿದ ಈ ಭಾಗದ ಲೇಪನ ಕಾರಿನ ಉಳಿದ ಬಣ್ಣದಷ್ಟೇ ಕಾಲ ಬಾಳಬೇಕೆಂದು ತಯಾರಕರನ್ನು ಕೇಳುವ ಹಕ್ಕು ನಮಗಿದೆ ಎಂದೇ ನಾನು ನಂಬಿದ್ದೇನೆ.

ಈಗ ಬಾನೆಟ್ಟಿನ ಮುಂಭಾಗಕ್ಕೂ ಹೆಡ್‌ಲೈಟ್‌ಗಳಿಗೂ ಪಾಲಿಯುರೆಥೇನ್ ರಕ್ಷಣಾ ಹಾಳೆ ಅಂಟಿಸಿದ್ದೇನೆ. ಅದರ ದಪ್ಪ 150ರಿಂದ 200 ಮೈಕ್ರಾನ್, ಎಂದರೆ ಕಾರ್ಖಾನೆಯ ಬಣ್ಣದ ಒಟ್ಟು ದಪ್ಪಕ್ಕಿಂತಲೂ ಹೆಚ್ಚು. ಸಣ್ಣ ಗೀರುಗಳು ಬಿಸಿಲಿನ ಶಾಖಕ್ಕೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಹಾಕಿಸಿದ ಮೇಲೆ ಬಾನೆಟ್ಟಿನ ಅಂಚಿನಲ್ಲಿ ಹೊಸದಾಗಿ ಬಣ್ಣ ಹಾರಿಲ್ಲ. ಹೊಸ ಕಾರು ಕೊಳ್ಳುವವರ ಬಳಿ ಒಂದಕ್ಕೆ ಮಾತ್ರ ಹಣವಿದ್ದರೆ, ಇಡೀ ಕಾರಿಗೆ ಸೆರಾಮಿಕ್ ಮಾಡಿಸುವ ಬದಲು ಕಲ್ಲು ತಗಲುವ ಭಾಗಗಳಿಗೆ ಈ ಹಾಳೆಯನ್ನೇ ಹಾಕಿಸಿ. ಮಳೆಗಾಲ ಮುಗಿದ ಕೂಡಲೇ ಕೀಲು, ಬೋಲ್ಟು ಮತ್ತು ಬಾಗಿಲ ಕೆಳಮಡಿಕೆಗಳಲ್ಲಿ ಬಿಳಿ ಪುಡಿ ಇದೆಯೇ ಎಂದು ಪ್ರತಿ ವರ್ಷವೂ ನೋಡಿಕೊಳ್ಳಿ.