ಗೋಕುಲ ರೋಡಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಗ್ಯಾರೇಜು: ಬಿಚ್ಚುವ ಮೊದಲು ಅಳೆಯುವವರು

ಡ್ರ್ಯಾಗ್ ರೇಸಿಗೆ (ನೇರ ದಾರಿಯ ವೇಗದ ಓಟಕ್ಕೆ) ಸಜ್ಜುಮಾಡಿದ ಆಟೊಮ್ಯಾಟಿಕ್ ಗಾಡಿ ಲೈನಿನಲ್ಲಿ ಬರೀ ಗುಂಯ್‌ಗುಟ್ಟಿ ಮುಂದೆ ಹೋಗದಿದ್ದರೆ ಹುಬ್ಬಳ್ಳಿಯಲ್ಲಿ ಮೊದಲು ಕೇಳಿಬರುವ ಮಾತು, "ಕನ್ವರ್ಟರ್ ಹೋಗೇತ್ರಿ, ಹೊಸಾದು ಹಾಕಬೇಕು." ಕನ್ವರ್ಟರ್ ಎಂದರೆ ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ. ಗೋಕುಲ ರೋಡ್ ಕೈಗಾರಿಕಾ ವಸಾಹತಿನ ಈ ಗ್ಯಾರೇಜಿನವರು ಹಾಗೆ ದುಡುಕುವುದಿಲ್ಲ.

ಮೊದಲು ಆಯಿಲ್. ಗಾಡಿ ಬಿಸಿಯಾದ ಮೇಲೆ, ಎಂಜಿನ್ ಚಾಲೂ ಇಟ್ಟೇ ಡಿಪ್‌ಸ್ಟಿಕ್ ನೋಡುತ್ತಾರೆ. ಆಯಿಲ್ ಕಡಿಮೆಯಿದ್ದರೆ ಲಾಂಚ್ ಹೊತ್ತಿಗೆ, ಅಂದರೆ ಗಾಡಿ ಲೈನಿನಿಂದ ಚಿಮ್ಮುವಾಗ, ಅದೆಲ್ಲ ಪ್ಯಾನಿನ ಹಿಂದಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತದೆ, ಪ್ರೆಶರ್ ಬಿದ್ದು ಕ್ಲಚ್ ಜಾರುತ್ತದೆ. ಊರೊಳಗೆ ಓಡಿಸುವಾಗ ಇದು ಗೊತ್ತೇ ಆಗುವುದಿಲ್ಲ.

ಆಮೇಲೆ ಸ್ಟಾಲ್ ಟೆಸ್ಟ್: ಗಾಡಿ ನಿಂತಲ್ಲೇ ಇರುವಾಗ ಎಂಜಿನ್ ಎಷ್ಟು ಆರ್‌ಪಿಎಂವರೆಗೆ ಏರುತ್ತದೆ ಎಂದು ನೋಡುವುದು. ಗಾಲಿಗೆ ಅಡ್ಡಗಟ್ಟೆ, ಬ್ರೇಕ್ ಪೂರ್ತಿ, ಫುಲ್ ಥ್ರಾಟಲ್; ಐದು ಸೆಕೆಂಡ್ ಮೀರುವಂತಿಲ್ಲ. ಮುಗಿದೊಡನೆ ನ್ಯೂಟ್ರಲ್‌ನಲ್ಲಿಟ್ಟು ತಂಪಾಗಲು ಬಿಡಬೇಕು. ಡ್ರೈವ್, ರಿವರ್ಸ್ ಎರಡರಲ್ಲೂ ಆರ್‌ಪಿಎಂ ಹೆಚ್ಚಿದ್ದರೆ ಪ್ರೆಶರ್ ಸಾಲದು. ಡ್ರೈವ್‌ನಲ್ಲಿ ಮಾತ್ರ ಹೆಚ್ಚಿದ್ದರೆ ಜಾರುತ್ತಿರುವುದು ಮುಂದಿನ ಗೇರುಗಳ ಫಾರ್ವರ್ಡ್ ಕ್ಲಚ್. ತೀರಾ ಕಡಿಮೆ ಬಂದು ಎಂಜಿನ್ ಚೆನ್ನಾಗಿದ್ದರೆ ಮಾತ್ರ ಕನ್ವರ್ಟರಿನೊಳಗೆ ಆಯಿಲಿನ ದಿಕ್ಕು ತಿರುಗಿಸುವ ಸ್ಟೇಟರಿನ ಒನ್‌ವೇ ಕ್ಲಚ್ (ಒಂದೇ ಕಡೆಗೆ ತಿರುಗಲು ಬಿಡುವುದು) ಮೇಲೆ ಅನುಮಾನ. ಎಂಜಿನ್ ಟಾರ್ಕ್ ಹೆಚ್ಚಿಸಿದ್ದರೆ ಅದೇ ಕನ್ವರ್ಟರ್ ಮೊದಲಿಗಿಂತ ಮೇಲೆ ಸ್ಟಾಲ್ ಆಗುವುದು ಸಹಜ. ಇದನ್ನು ಇವರು ಗಿರಾಕಿಗೆ ತಾವಾಗಿಯೇ ತಿಳಿಸುತ್ತಾರೆ.

ಇನ್ನೂ ಮೆಚ್ಚಬೇಕಾದದ್ದು ಹಾಳೆಯ ಮೇಲಿನ ಲೆಕ್ಕ. ಟೈರಿನ ಸುತ್ತಳತೆ 2 ಮೀಟರ್, ವೇಗ 120 ಕಿ.ಮೀ. ಎಂದರೆ ಗಾಲಿ ನಿಮಿಷಕ್ಕೆ 1000 ಸುತ್ತು. ಫೈನಲ್ ಡ್ರೈವ್ (ಗೇರ್‌ಬಾಕ್ಸ್ ಆದಮೇಲಿನ ಕೊನೆಯ ಗೇರ್ ಅನುಪಾತ) 4, ಟಾಪ್ ಗೇರ್ 1:1 ಇದ್ದರೆ ಎಂಜಿನ್ 4000 ತೋರಿಸಬೇಕು. 4400 ಬಂದರೆ ಜಾರಿಕೆ ಶೇ. 9, ಲಾಕಪ್ (ಜಾರದಂತೆ ಹಿಡಿದಿಡುವ ಕ್ಲಚ್) ಇಲ್ಲದ ಕನ್ವರ್ಟರಿಗೆ ಅದು ಸರಿ. 5200 ಬಂದರೆ ಶೇ. 23, ಆಗ ಬಿಚ್ಚಲೇಬೇಕು. ವೇಗವನ್ನು ಜಿಪಿಎಸ್‌ನಿಂದ ತೆಗೆದುಕೊಂಡಿದ್ದರೆ ಟೈರ್ ಸುಮ್ಮನೆ ತಿರುಗಿದ್ದೂ ಈ ಜಾರಿಕೆಯಲ್ಲೇ ಸೇರಿಕೊಳ್ಳುತ್ತದೆ, ಅದನ್ನು ಮರೆಯಬಾರದು.

ಜೋಡಣೆಯಲ್ಲೂ ಕೈ ಶುದ್ಧ. ಕನ್ವರ್ಟರ್ ತಿರುಗಿಸುತ್ತ ಒತ್ತಿದಾಗ ಇನ್‌ಪುಟ್ ಶಾಫ್ಟ್, ಸ್ಟೇಟರ್, ಪಂಪ್ ಹೀಗೆ ಒಂದೊಂದೇ ಹಲ್ಲಿಗೆ ಟಕ್ಕೆಂದು ಕೂರಬೇಕು. ಬೆಲ್‌ಹೌಸಿಂಗ್ (ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವ ಕವಚ) ಬಿಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ತಿರುಗಬೇಕು, ಎಂಜಿನ್ ಕಡೆಯ ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿಗೆ 3ರಿಂದ 5 ಮಿ.ಮೀ. ಸಂದು ಉಳಿಯಬೇಕು. ಸಂದೇ ಇಲ್ಲದಿದ್ದರೆ ಬೋಲ್ಟಿನಿಂದ ಎಳೆದು ಕೂರಿಸಿದಂತೆ. ಮೊದಲ ಸ್ಟಾರ್ಟಿಗೇ ಪಂಪ್ ಒಡೆಯುತ್ತದೆ. ಇವರು ಫೀಲರ್ ಗೇಜ್ ತೂರಿಸಿ ತೋರಿಸಿಯೇ ಬೋಲ್ಟ್ ಹಾಕುವುದು.

ಒಂದು ತಕರಾರು ಇದೆ, ಸಣ್ಣದಲ್ಲ. ಸುಟ್ಟ ಗೇರ್‌ಬಾಕ್ಸ್ ಕಟ್ಟಿದ ಮೇಲೂ ಹಳೆಯ ಆಯಿಲ್ ಕೂಲರಿಗೆ ಕಂಪ್ರೆಸರ್ ಗಾಳಿ ಹೊಡೆದು ಅದನ್ನೇ ಹಾಕುತ್ತಾರೆ. ಕೂಲರಿನ ಸಣ್ಣ ಕೊಳವೆಗಳಲ್ಲಿ ಅಡಗಿದ ಲೋಹದ ಪುಡಿ ಗಾಳಿಗೆ ಪೂರ್ತಿ ಬರುವುದಿಲ್ಲ, ಹೊಸ ಬೇರಿಂಗನ್ನು ತಿನ್ನುತ್ತದೆ. ಕನ್ವರ್ಟರ್ ಕೊಯ್ದು, ವೆಲ್ಡ್ ಮಾಡಿ, ಬ್ಯಾಲೆನ್ಸ್ ಮಾಡುವ ಕೆಲಸ ಹೊರಗೆ ಹೋಗುತ್ತದೆ, ಹಾಗಾಗಿ ತಡ. ಇಲ್ಲಿ ಕೆಲಸ ಕೊಡುವುದಾದರೆ ಹೊಸ ಕೂಲರನ್ನು ಮೊದಲೇ ತಂದುಕೊಡಿ. ಗಾಡಿ ಒಯ್ಯುವ ಮುನ್ನ ಕೂಲರಿನ ರಿಟರ್ನ್ ಪೈಪ್ ಬಕೆಟ್ಟಿಗೆ ಬಿಡಿಸಿ ನೋಡಿ. ಐಡ್ಲಿಂಗಿನಲ್ಲಿ 20 ಸೆಕೆಂಡಿಗೆ ಸುಮಾರು ಒಂದು ಲೀಟರ್ ಬೀಳದಿದ್ದರೆ ಕೀ ತೆಗೆದುಕೊಳ್ಳಬೇಡಿ.