ಆ ಚಿಕನ್ ಕ್ಯಾಸರೋಲ್ ಮನೆಯಲ್ಲಿ ಬರುತ್ತಾ? ಮೂರು ಥರ ಮಾಡಿ ನೋಡಿದೆ

ಒಂದು ರೆಸ್ಟೋರೆಂಟಿಗೆ ನಾನು ಹೋಗುವುದೇ ಅಲ್ಲಿನ ಚಿಕನ್ ಕ್ಯಾಸರೋಲ್‌ಗೋಸ್ಕರ, ಅಂದರೆ ಸಾಸಿನ ಜೊತೆ ಬಟ್ಟಲಲ್ಲೇ ಓವನ್ನಿನಲ್ಲಿಟ್ಟು ಬೇಯಿಸುವ ಚಿಕನ್. ಮೇಲೆ ಕಂದು ಬಣ್ಣಕ್ಕೆ ತಿರುಗಿದ ಚೀಸ್, ಅದರಡಿ ಚಮಚಕ್ಕೆ ಅಂಟಿಕೊಳ್ಳುವ ಸಾಸ್, ಅಣಬೆ, ಬಾಯಲ್ಲಿಟ್ಟರೆ ಎಳೆ ಎಳೆಯಾಗಿ ಬಿಡುವ ಚಿಕನ್. ಇದರಲ್ಲಿ ಏನೇನು ಹಾಕ್ತೀರಿ ಅಂತ ಬಡಿಸುವವರನ್ನು ಕೇಳಿದೆ. "ಕ್ರೀಮ್, ಚೀಸ್, ಚಿಕನ್, ಅಷ್ಟೇ ಸರ್" ಅಂದರು. ಅಷ್ಟೇ ಆಗಿದ್ದರೆ ಮೊದಲ ಸಲವೇ ನನಗೆ ಬಂದುಬಿಡುತ್ತಿತ್ತು.

ಹಾಗಾಗಿ ಒಂದು ದಿನ ಉಳಿದದ್ದನ್ನು ಕಟ್ಟಿಸಿಕೊಂಡು ಬಂದು, ಎರಡು ಚಮಚದಷ್ಟನ್ನು ಜರಡಿಗೆ ಹಾಕಿ ಬಿಸಿನೀರಲ್ಲಿ ತೊಳೆದೆ. ನಗಬೇಡಿ. ಸಾಸ್ ಎಲ್ಲಾ ಹೋದ ಮೇಲೆ ಉಳಿದದ್ದು ಇಷ್ಟು: ಸ್ವಲ್ಪ ಕಪ್ಪು ಛಾಯೆಯ ಮಾಂಸ, ಅಂದರೆ ಎದೆ ಭಾಗ ಅಲ್ಲ, ತೊಡೆ. ಅಂಚು ಕಂದಾದ ಅಣಬೆ. ಕರಗಿ ಹೋಗುವಷ್ಟು ಬೆಂದ ಈರುಳ್ಳಿ. ಜೊತೆಗೆ ಸಾಸಿವೆಗಿಂತ ಚಿಕ್ಕದಾದ ಕಂದು ಚೂರುಗಳು. ಕಾಳುಮೆಣಸು ಅಂದುಕೊಂಡು ಕಚ್ಚಿದೆ, ಖಾರವೇ ಇಲ್ಲ. ಅದೇನು ಅಂತ ಆಗ ಹೊಳೆಯಲಿಲ್ಲ.

ಮೊದಲು ಮಾಡಿದ್ದು ಡಬ್ಬಿ ಸೂಪಿನದು. ಗಟ್ಟಿ ಅಣಬೆ ಸೂಪ್ ಡಬ್ಬಿಯಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದದ್ದು 1934ರಲ್ಲಿ. ಆಮೇಲೆ ಅಲ್ಲಿ ಮನೆಮನೆಯ ಕ್ಯಾಸರೋಲಿಗೆ ಅದೇ ಸಾಸ್ ಆಗಿಬಿಟ್ಟಿತು. ಕೆಲಸ ಏನೂ ಇಲ್ಲ. ಬೇಯಿಸಿದ ಚಿಕನ್, ಒಂದು ಡಬ್ಬಿ ಸೂಪ್, ಅರ್ಧ ಡಬ್ಬಿ ಹಾಲು, ಮೇಲೆ ಚೀಸ್, 180 ಡಿಗ್ರಿಯಲ್ಲಿ ಅರ್ಧ ಗಂಟೆ. ಸಾಸ್ ನುಣ್ಣಗೆ ಬರುತ್ತೆ, ಒಡೆಯುವ ಭಯವೇ ಇಲ್ಲ. ಆದರೆ ಎಲ್ಲಾ ತುತ್ತೂ ಒಂದೇ ರುಚಿ. ಸೂಪಲ್ಲೇ ಉಪ್ಪು ಇದೆ, ಚೀಸಲ್ಲೂ ಇದೆ, ಅದು ಗೊತ್ತಿದ್ದೂ ಚಿಕನ್ ಬೇಯಿಸುವಾಗ ಮತ್ತೆ ಉಪ್ಪು ಹಾಕಿದ ನನ್ನನ್ನೇ ಬೈದುಕೊಳ್ಳಬೇಕು. ಅವತ್ತು ರಾತ್ರಿ ಎರಡು ಬಾಟಲಿ ನೀರು ಕುಡಿದೆ.

ಎರಡನೆಯದಕ್ಕೆ ವೈಟ್ ಸಾಸ್ ನಾನೇ ಮಾಡಿದೆ. 40 ಗ್ರಾಂ ಬೆಣ್ಣೆ, 40 ಗ್ರಾಂ ಮೈದಾ, ಅರ್ಧ ಲೀಟರ್ ಹಾಲು. ಬೆಣ್ಣೆ ಕರಗಿಸಿ, ಮೈದಾ ಹಾಕಿ ಎರಡು ನಿಮಿಷ ಹುರಿದು ಹಸಿ ವಾಸನೆ ಹೋಗಿಸಿ, ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಕಲಕಬೇಕು. ಒಟ್ಟಿಗೆ ಸುರಿದರೆ ಗಂಟು ಕಟ್ಟುತ್ತೆ. ಕೊನೆಗೆ ಒಂದು ಚಿಟಿಕೆ ಜಾಯಿಕಾಯಿ ಪುಡಿ. ಆ ಸಾಸನ್ನು ಚಮಚದಲ್ಲಿ ಹಾಗೇ ತಿಂದೆ, ಅಷ್ಟು ಚೆನ್ನಾಗಿತ್ತು.

ಕೆಟ್ಟದ್ದು ಓವನ್ನಿಗೆ ಹೋದ ಮೇಲೆ. ಬೇಗ ಆಗಲಿ ಅಂತ ಅಣಬೆಯನ್ನು ಹಸಿಯಾಗಿಯೇ ಕತ್ತರಿಸಿ ಸಾಸಿಗೆ ಹಾಕಿದ್ದೆ. ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಇರುತ್ತೆ, ಅದೆಲ್ಲಾ ಒಳಗೇ ಬಿಟ್ಟುಕೊಂಡಿತು. ಓವನ್ ಬಾಗಿಲು ತೆಗೆದರೆ ಚೀಸಿನ ಪದರದ ಸುತ್ತ ಬೂದು ಬಣ್ಣದ ನೀರು ಕುದಿಯುತ್ತಿದೆ, ಅಷ್ಟು ಕಷ್ಟಪಟ್ಟು ಗಟ್ಟಿ ಮಾಡಿದ ಸಾಸ್ ಸಾರಿನ ಹಾಗೆ ಅಲ್ಲಾಡುತ್ತಿದೆ. ಚಿಕನ್ನೂ ಕೈಕೊಟ್ಟಿತು. ಎದೆ ಭಾಗದಲ್ಲಿ ಕೊಬ್ಬು ಕಡಿಮೆ. ಒಳಗಿನ ಬಿಸಿ 74 ಡಿಗ್ರಿ ಮುಟ್ಟಿದರೆ ಕೋಳಿ ಬೆಂದ ಹಾಗೆ. ಎದೆ ಭಾಗವನ್ನು ಅದಕ್ಕಿಂತ ಜಾಸ್ತಿ ಬಿಸಿಯಲ್ಲಿ ಬಿಟ್ಟರೆ ರಸವೆಲ್ಲಾ ಹೊರಗೆ ಹೋಗಿ ನಾರು ಮಾತ್ರ ಉಳಿಯುತ್ತೆ. ನಾನು 40 ನಿಮಿಷ ಬಿಟ್ಟಿದ್ದೆ. ಸುಮ್ನೆ ಅಗಿದೆವು.

ಮೂರನೆಯದಕ್ಕೆ ಜರಡಿಯಲ್ಲಿ ಕಂಡದ್ದನ್ನೇ ನಂಬಿದೆ. ಮೂಳೆ ತೆಗೆದ ತೊಡೆ ಮಾಂಸ 600 ಗ್ರಾಂ. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಉಪ್ಪು ಮೆಣಸು ಸವರಿ, ಕಾದ ದಪ್ಪ ತಳದ ಬಾಣಲೆಯಲ್ಲಿ ಅಲ್ಲಾಡಿಸದೆ ಇಟ್ಟೆ. ಒದ್ದೆ ಇದ್ದರೆ ಕಂದಾಗುವುದಿಲ್ಲ, ಬರೀ ಬೇಯುತ್ತೆ. ಎರಡೂ ಕಡೆ ಬಣ್ಣ ಬಂದ ಮೇಲೆ ಪಕ್ಕಕ್ಕೆ ತೆಗೆದು, ಅದೇ ಬಾಣಲೆಯಲ್ಲಿ ಅಣಬೆ. ಮೊದಲು ನೀರು ಬಿಡುತ್ತೆ, ಆ ನೀರೆಲ್ಲಾ ಇಂಗಿ ಚಟಪಟ ಸದ್ದು ಶುರುವಾಗುವ ತನಕ ಕಾಯಬೇಕು. ಆಮೇಲೆ ಬೆಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಸಣ್ಣ ಉರಿಯಲ್ಲಿ 15 ನಿಮಿಷ.

ಅಷ್ಟು ಹೊತ್ತಿಗೆ ಬಾಣಲೆಯ ತಳ ಹಿಡಿದಿತ್ತು. ಬೇರೆ ದಿನವಾಗಿದ್ದರೆ ತೊಳೆಯಲು ನೆನೆಹಾಕುತ್ತಿದ್ದೆ. ಅವತ್ತು ಮೈದಾ ಹುರಿದು, ಮೂಳೆ ಬೇಯಿಸಿ ಸೋಸಿಟ್ಟಿದ್ದ ಸ್ಟಾಕ್ ಒಂದು ಕಪ್ಪು ಸುರಿದು ಮರದ ಸೌಟಿನಿಂದ ಕೆರೆದೆ. ತಳದಲ್ಲಿ ಅಂಟಿದ್ದದ್ದು ಎದ್ದು ಬಂತು, ಸಣ್ಣ ಸಣ್ಣ ಕಂದು ಚೂರು. ಜರಡಿಯಲ್ಲಿ ಕಂಡದ್ದು ಇದೇ! ಮೆಣಸೂ ಅಲ್ಲ, ಯಾವ ಗುಟ್ಟಿನ ಮಸಾಲೆಯೂ ಅಲ್ಲ, ಬಾಣಲೆ ಕೆರೆದದ್ದು. ಮಾಂಸ, ಅಣಬೆ ಜಾಸ್ತಿ ಬಿಸಿಯಲ್ಲಿ ಕಂದಾಗುವಾಗ ಹುಟ್ಟುವ ರುಚಿಯೆಲ್ಲಾ ಅದರಲ್ಲೇ ಕೂತಿರುತ್ತೆ. ಆದರೆ ಕಂದು ಬಣ್ಣ ಇರುವಾಗಲೇ ಕೆರೆಯಬೇಕು, ಕಪ್ಪಾದರೆ ಕಹಿ. ಮೇಲಿಂದ ಒಂದು ಕಪ್ಪು ಹಾಲು, ಕಾಲು ಕಪ್ಪು ಕ್ರೀಮ್. ಸಾಸ್ ಬೆಳ್ಳಗಿರಲಿಲ್ಲ, ತಿಳಿ ಕಂದು. ರೆಸ್ಟೋರೆಂಟಿನದೂ ಬೆಳ್ಳಗಿರಲಿಲ್ಲ ಅಂತ ಆಗ ನೆನಪಾಯಿತು. ಅಷ್ಟು ಸಲ ತಿಂದರೂ ಬಣ್ಣ ನೋಡಿರಲಿಲ್ಲ.

ತೊಡೆ ಮಾಂಸದ ಇನ್ನೊಂದು ಲಾಭ, ಅದಕ್ಕೆ ಗಡಿಯಾರದ ಹೆದರಿಕೆ ಕಮ್ಮಿ. 80, 85 ಡಿಗ್ರಿಗೆ ಹೋದರೆ ಇನ್ನೂ ಮೆತ್ತಗೇ ಆಗುತ್ತೆ. ಅತಿಥಿಗಳು ಅರ್ಧ ಗಂಟೆ ತಡ ಮಾಡಿದರೂ ತೊಂದರೆ ಇಲ್ಲ.

ಚೀಸ್ ವಿಷಯ ಬೇಗ ಹೇಳಿಬಿಡುತ್ತೇನೆ. ತುರಿದು ಪ್ಯಾಕೆಟಲ್ಲಿ ಬರುವುದಕ್ಕೆ ಅಂಟಿಕೊಳ್ಳದಿರಲಿ ಅಂತ ಪಿಷ್ಟದ ಥರದ ಪುಡಿ ಸವರಿರುತ್ತಾರೆ. ಕರಗುತ್ತೆ, ಆದರೆ ನುಣುಪು ಕಮ್ಮಿ. ಗಡ್ಡೆ ತಂದು ತುರಿದುಕೊಂಡರೆ ವಾಸಿ. ಬರೀ ಮೊಝರೆಲ್ಲಾ ಹಾಕಿದರೆ ಎಳೆ ಬರುತ್ತೆ, ರುಚಿ ಸಪ್ಪೆ. ಅರ್ಧ ಚೆಡ್ಡಾರ್ ಸೇರಿಸಿ. ಬೆಣ್ಣೆಯಲ್ಲಿ ಕಲಸಿದ ಬ್ರೆಡ್ ಪುಡಿಯನ್ನು ಮೇಲೆ ಉದುರಿಸಿಯೂ ನೋಡಿದೆ, ಗರಿಗರಿ ಚೆನ್ನಾಗಿದೆ, ಆದರೆ ಅದು ಬೇರೆಯೇ ತಿಂಡಿ ಅನ್ನಿಸಿತು.

ಮೂರನ್ನೂ ಒಂದೇ ದಿನ ಚಿಕ್ಕ ಬಟ್ಟಲುಗಳಲ್ಲಿ ಮಾಡಿ, ರೆಸ್ಟೋರೆಂಟಿನದನ್ನೂ ತರಿಸಿ, ತಂಗಿಯನ್ನು ಕಣ್ಣು ಮುಚ್ಚಿಸಿ ಕೂರಿಸಿದೆ. ಈ ಸಲ ಎರಡನೆಯದಕ್ಕೆ ಅಣಬೆ ಹುರಿದೇ ಹಾಕಿದ್ದೆ, ನ್ಯಾಯವಾಗಿರಲಿ ಅಂತ. ಅವಳು ಮೂರನೆಯದಕ್ಕೂ ರೆಸ್ಟೋರೆಂಟಿನದಕ್ಕೂ ನಡುವೆ ಸಿಕ್ಕಿಬಿದ್ದಳು. ಎರಡೆರಡು ಸಲ ತಿಂದು, "ಅಣ್ಣಾ, ಇದರಲ್ಲಿ ಬೆಣ್ಣೆ ಜಾಸ್ತಿ ಇದೆ, ಇದೇ ಅಂಗಡಿಯದು" ಅಂದಳು. ಸರಿಯಾಗಿತ್ತು. ಈಗ ಸಾಸ್ ಇಳಿಸುವಾಗ ಇನ್ನೂ 20 ಗ್ರಾಂ ಬೆಣ್ಣೆ ಹಾಕುತ್ತೇನೆ. ಮನಸ್ಸಿಗೆ ಸ್ವಲ್ಪ ಚುಚ್ಚುತ್ತೆ, ಆದರೆ ರುಚಿ ಅಲ್ಲೇ ಇದೆ. ಇನ್ನೊಂದು, ಓವನ್ನಿಂದ ತೆಗೆದ ತಕ್ಷಣ ಬಡಿಸಬೇಡಿ. 15 ನಿಮಿಷ ಬಿಟ್ಟರೆ ಸಾಸ್ ತಾನಾಗಿ ಗಟ್ಟಿಯಾಗುತ್ತೆ, ಇಲ್ಲದಿದ್ದರೆ ತಟ್ಟೆಯಲ್ಲಿ ಹರಿಯುತ್ತೆ, ನಾಲಿಗೆಯೂ ಸುಡುತ್ತೆ.

ಮೂರನೆಯದಕ್ಕೆ ಒಂದೂವರೆ ಗಂಟೆ ಬೇಕು, ಹಾಗಾಗಿ ಅದು ರಜೆ ದಿನಕ್ಕೆ. ಕೆಲಸದ ದಿನ ಹಸಿವಾದರೆ ಡಬ್ಬಿ ಸೂಪೇ ಗತಿ. ಈಗ ಉಪ್ಪು ಹಾಕುವುದಿಲ್ಲ, ಅಣಬೆ ಮಾತ್ರ ಬೇರೆ ಹುರಿದು ಸೇರಿಸುತ್ತೇನೆ, ಅಷ್ಟರಿಂದಲೇ ಅರ್ಧ ಸುಧಾರಿಸುತ್ತೆ. ಎರಡನೆಯದನ್ನು ಮತ್ತೆ ಮಾಡಿಲ್ಲ. ತಂಗಿಗೆ ಮಾತ್ರ ಇಷ್ಟವಾದದ್ದು ಯಾವುದು ಗೊತ್ತಾ? ಡಬ್ಬಿ ಸೂಪಿನದು. ಉಳಿದದ್ದನ್ನು ಡಬ್ಬಕ್ಕೆ ತುಂಬಿಕೊಂಡು ಹೋದಳು.